ಸಣ್ಣ ಸಿಡಿಯೊಳಗಿನ ಸಾವಂತ್ರಿ

ಆ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಒಂದೇ ದನಿಯ ಹೆಂಗಸರು ಹಲವರಿದ್ದರು.

ಗಂಟಲಿನ ಆಪರೇಷನ್ ಆಗಿ ಮಾತು ಕಳೆದುಕೊಂಡವರಿಗೆ ಆಸ್ಪತ್ರೆಯಲ್ಲಿ ಕೊರಳಪಟ್ಟಿ ಕೊಡುತ್ತಿದ್ದರು. ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಅದನ್ನು ಕಟ್ಟಿಕೊಂಡು ಮಾತನಾಡುವವರ ಹಾಗೆ ನಾಲಿಗೆ, ತುಟಿ ಆಡಿಸಿದರೆ ಸಾಕು. ಚರ್ಮದ ಕೆಳಗೆ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ತನ್ನು ಪಟ್ಟಿ ಹಿಡಿಯುತ್ತಿತ್ತು, ಅದು ಯಾವ ಮಾತೆಂದು ಊಹಿಸುತ್ತಿತ್ತು, ಕೂಡಲೇ ಗಟ್ಟಿಯಾಗಿ ನುಡಿಯುತ್ತಿತ್ತು. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದವರಿಗೆ ಅದು ದೊಡ್ಡ ಉಪಕಾರವೇ. ಆದರೆ ಕನ್ನಡಕ್ಕೆಂದು ತಯಾರಾಗಿದ್ದ ದನಿಗಳು ಗಂಡಸರಿಗೆ ಎರಡು, ಹೆಂಗಸರಿಗೆ ಎರಡು, ಅಷ್ಟೇ. ಹೆಂಗಸರ ದನಿಗಳಲ್ಲಿ ಒಂದು ಟಿವಿಯಲ್ಲಿ ವಾರ್ತೆ ಓದುವವಳ ಹಾಗಿತ್ತು, ಇನ್ನೊಂದು ಲಿಫ್ಟಿನೊಳಗೆ ಬಾಗಿಲು ಮುಚ್ಚುತ್ತಿದೆ ಎನ್ನುವವಳ ಹಾಗೆ. ಜನ ಮೊದಲನೆಯದನ್ನು ಸುದ್ದಿ ಅಕ್ಕ ಎಂದರು, ಎರಡನೆಯದನ್ನು ಲಿಫ್ಟ್ ಅಕ್ಕ ಎಂದರು. ದುರ್ಗದ ಬೈಲಿನ ಕಾಯಿಪಲ್ಯದವರಿಗೆ ಸುದ್ದಿ ಅಕ್ಕ ಬದನೆಕಾಯಿ ಚೌಕಾಸಿ ಮಾಡುವುದು ರೂಢಿಯಾಯಿತು. ಒಮ್ಮೊಮ್ಮೆ ಇಬ್ಬರು ಸುದ್ದಿ ಅಕ್ಕಂದಿರು ಒಂದೇ ಬುಟ್ಟಿಯ ಮುಂದೆ ಸೇರಿದರೆ, ಮಾರುವಾಕೆ ಯಾರಿಗೆ ಉತ್ತರ ಕೊಡಬೇಕೆಂದು ತಿಳಿಯದೆ ಇಬ್ಬರ ತುಟಿಯನ್ನೂ ನೋಡುತ್ತ ಕೂರುತ್ತಿದ್ದಳು.

ಗೋಪನಕೊಪ್ಪದ ಸಾವಂತ್ರಿ ಹಂಚಿನಾಳ ಆರಿಸಿಕೊಂಡದ್ದು ಸುದ್ದಿ ಅಕ್ಕನನ್ನು. ಲಿಫ್ಟಿಗಿಂತ ಅದು ವಾಸಿ ಎಂದು ಅವಳ ಗಂಡ ಈರಣ್ಣ ಹೇಳಿದ್ದ.

ಸಾವಂತ್ರಿಗೆ ಸ್ವಂತ ದನಿ ಹೋದದ್ದು ಎರಡು ಕಂತಿನಲ್ಲಿ. ಮೂವತ್ತು ದಾಟಿದ ಹೊಸದರಲ್ಲಿ ಥೈರಾಯ್ಡ್ ಆಪರೇಷನ್ ಆಗಿ, ದನಿಯ ನರಕ್ಕೆ ಪೆಟ್ಟು ಬಿದ್ದು, ಪಿಸುಮಾತಷ್ಟೇ ಉಳಿದಿತ್ತು. ಇಪ್ಪತ್ತೈದು ವರ್ಷ ಆ ಪಿಸುಮಾತಿನಲ್ಲೇ ಸಂಸಾರ ಮಾಡಿದಳು, ಮಗಳು ಅಕ್ಷತಾಳನ್ನು ಬೆಳೆಸಿ ನರ್ಸಿಂಗ್ ಓದಿಸಿ ಗದಗಿಗೆ ಕೊಟ್ಟಳು. ಈಗ ಐವತ್ತೇಳರಲ್ಲಿ ಸ್ವರಪೆಟ್ಟಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡು ಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಪಿಸುಮಾತೂ ಹೋಯಿತು.

ಅದರಿಂದ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವಳು ಅತ್ತೆ ಬಸಲಿಂಗವ್ವ.

ಬಸಲಿಂಗವ್ವನಿಗೆ ಎಂಬತ್ತೈದರ ಆಸುಪಾಸು. ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ನೆನಪೂ ಇತ್ತೀಚೆಗೆ ಹಿಂದುಮುಂದಾಗುತ್ತಿತ್ತು. ನಿನ್ನೆ ಬಂದುಹೋದವರು ಮರೆತುಹೋದರೂ ಹಳೆಯದೆಲ್ಲ ನಿಚ್ಚಳವಾಗಿತ್ತು. ಕತ್ತಲೆಯ ಆ ಬದುಕಿನಲ್ಲಿ ಅವಳಿಗೆ ಆಧಾರವಾಗಿದ್ದದ್ದು ಸೊಸೆ ಕಿವಿಯ ಹತ್ತಿರ ಬಾಯಿಟ್ಟು ಆಡುತ್ತಿದ್ದ ಪಿಸುಮಾತು. ಸಾವಂತ್ರಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ಅಕ್ಷತಾ ಬಂದು ನೋಡಿಕೊಂಡಿದ್ದಳು. ಸಾವಂತ್ರಿ ಮನೆಗೆ ಮರಳಿದ ದಿನ ಕೈಕಾಲು ತೊಳೆದು ಮೊದಲು ಮಾಡಿದ ಕೆಲಸವೆಂದರೆ ನುಚ್ಚು ಮಜ್ಜಿಗೆ ಕಲಸಿ ಅತ್ತೆಯ ಮಂಚದ ಹತ್ತಿರ ಹೋದದ್ದು.

"ಅತ್ತೆ, ನಾನು ಬಂದಿದ್ದೇನೆ. ಊಟ ಮಾಡಿ" ಎಂದಿತು ಕೊರಳಪಟ್ಟಿ.

ಬಸಲಿಂಗವ್ವ ಗೋಡೆಯ ಕಡೆ ಸರಿದಳು. "ಯಾರವ್ವಾ ನೀ?"

"ನಾನು ಸಾವಿತ್ರಿ."

ಸಾವಂತ್ರಿ ಎಂದೇ ಅವಳು ತುಟಿ ಆಡಿಸಿದ್ದಳು. ಪಟ್ಟಿಗೆ ಆ ಹೆಸರು ಗೊತ್ತಿರಲಿಲ್ಲ. ಹುಬ್ಬಳ್ಳಿಯ ಮಾತೇ ಅದಕ್ಕೆ ಗೊತ್ತಿರಲಿಲ್ಲ. ಬರ್ತೇನ್ರಿ ಎಂದರೆ ಬರುತ್ತೇನೆ ಎನ್ನುತ್ತಿತ್ತು, ಉಣ್ರಿ ಎಂದರೆ ಊಟ ಮಾಡಿ ಎನ್ನುತ್ತಿತ್ತು.

"ನಮ್ಮ ಮನ್ಯಾಗ ಸಾವಿತ್ರಿ ಅನ್ನೋರು ಯಾರೂ ಇಲ್ಲ" ಎಂದಳು ಬಸಲಿಂಗವ್ವ. ಆಮೇಲೆ ದನಿ ಏರಿಸಿ, "ಈರಣ್ಣಾ, ಆ ರೇಡಿಯೋ ಬಂದ್ ಮಾಡೋ" ಎಂದಳು.

ಈರಣ್ಣ ಬಂದು ತಿಳಿಸಿ ಹೇಳಿದ. ಆಪರೇಷನ್, ಪಟ್ಟಿ, ಯಂತ್ರ ಎಲ್ಲ ಹೇಳಿದ. ಮುದುಕಿ ಹೂಂಗುಟ್ಟಿದಳು. ಅರ್ಧ ತಾಸಿನ ಮೇಲೆ ಮತ್ತೆ, "ಸಾವಂತ್ರಿ ಎಲ್ಲೆದಾಳ?" ಎಂದಳು. ಸಾವಂತ್ರಿ ಪಟ್ಟಿ ಬಿಚ್ಚಿಟ್ಟು ಸುಮ್ಮನೆ ಉಣಿಸಲು ನೋಡಿದಳು. ಮಾತಿಲ್ಲದ ಕೈಯೊಂದು ಬಾಯಿಗೆ ಬಂದದ್ದಕ್ಕೆ ಮುದುಕಿ ಬೆದರಿ ತಟ್ಟೆಯನ್ನು ತಳ್ಳಿಬಿಟ್ಟಳು. ಇನ್ನೊಮ್ಮೆ ಪಟ್ಟಿ ಕಟ್ಟಿಕೊಂಡೇ ಅತ್ತೆಯ ಕೈ ಹಿಡಿದು ತನ್ನ ಮುಖದ ಮೇಲೆ ಆಡಿಸಿದಳು. ಕಾಯಿಲೆಯಲ್ಲಿ ಇಳಿದುಹೋಗಿದ್ದ ಆ ಮುಖ ಮುದುಕಿಯ ಬೆರಳಿಗೆ ಪರಿಚಯವಾಗಲಿಲ್ಲ. ಕೊರಳಿನ ಪಟ್ಟಿ ತಾಕಿದ್ದೇ ಕೈ ಹಿಂದೆಳೆದುಕೊಂಡಳು.

ಕೆಲವು ವಾರ ಹೀಗೇ ನಡೆಯಿತು. ಈರಣ್ಣ ಉಣಿಸಿದರೆ ನಾಲ್ಕು ತುತ್ತು ತಿಂದು ಬಾಯಿ ಮುಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಮಗನ ಅಂಗಿಯ ತುದಿ ಹಿಡಿದು, "ನನಗ ಗೊತ್ತೈತಿ" ಎಂದಳು. "ಸಾವಂತ್ರಿ ಸತ್ತಾಳ. ಮುದುಕಿ ತಡಕೊಳ್ಳೂದಿಲ್ಲಂತ ನೀವು ನನಗ ಹೇಳವಲ್ರಿ. ಆಕಿ ಜಾಗಾಕ್ಕ ಯಾರನ್ನೋ ಕರಕೊಂಡು ಬಂದು ಇಟ್ಟೀರಿ."

"ಇಲ್ಲವ್ವಾ, ಇಲ್ಲೇ ಅದಾಳ. ನಿನ್ನ ಎದುರಿಗೇ ಅದಾಳ."

"ಹಂಗಾದ್ರ ಮಾತಾಡ್ಲಿ."

ಎದುರಿಗಿದ್ದ ಸಾವಂತ್ರಿ ಮಾತನಾಡಲಿಲ್ಲ. ಮಾತನಾಡಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಂದಿನಿಂದ ಬಸಲಿಂಗವ್ವ ಶೋಕದ ಮನೆಯಲ್ಲಿ ಕೂತವಳ ಹಾಗೆ ಕೂತಳು. ಕುಬಸದ ತೋಳು ಸಡಿಲಾಯಿತು. ನೋಡಲು ಬಂದ ಡಾಕ್ಟರು ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು.

ದಾರಿ ತೋರಿಸಿದವಳು ಆಸ್ಪತ್ರೆಯಲ್ಲಿ ಕೊರಳಪಟ್ಟಿಯ ತರಬೇತಿ ಕೊಡುತ್ತಿದ್ದ ಹುಡುಗಿ. ಪಟ್ಟಿಗೆ ಯಾರ ದನಿಯನ್ನಾದರೂ ಕಲಿಸಬಹುದು, ಸ್ವಂತ ದನಿಯನ್ನೂ ಕಲಿಸಬಹುದು ಎಂದಳು. ಓದಿದ ಮಾತು ಸಾಲದು, ಸಹಜವಾಗಿ ಆಡಿದ ಮಾತು ಬೇಕು. ಕಡಿಮೆ ಎಂದರೆ ಅರ್ಧ ತಾಸಿನಷ್ಟು ಬೇಕು. ದನಿ ಸ್ವಚ್ಛವಾಗಿರಬೇಕು. "ಹಳೇ ಫೋನಿನಾಗ ಏನಾರ ಇದ್ರ ಹುಡುಕ್ರಿ."

ಫೋನುಗಳಲ್ಲಿ ಇದ್ದದ್ದೆಲ್ಲ ಪಿಸುಮಾತು, ಅದು ಗಾಳಿಯ ಸದ್ದಿನ ಹಾಗೆ ಕೇಳುತ್ತಿತ್ತು. ಮದುವೆಯ ಕ್ಯಾಸೆಟ್ಟಿನಲ್ಲಿ ಮದುಮಗಳು ತುಟಿ ಬಿಚ್ಚಿರಲಿಲ್ಲ, ಇದ್ದದ್ದು ಬ್ಯಾಂಡಿನವರ ಗದ್ದಲ. ಆಗ ಈರಣ್ಣನಿಗೆ ಕ್ಯಾಮರಾ ನೆನಪಾಯಿತು. ಅಕ್ಷತಾ ಎರಡು ವರ್ಷದವಳಿದ್ದಾಗ, ಇನ್ನೂ ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದಾಗ, ವರ್ಕ್‌ಶಾಪಿನಲ್ಲಿ ಬೋನಸ್ ಬಂದ ವರ್ಷ ಅವನೊಂದು ವಿಡಿಯೋ ಕ್ಯಾಮರಾ ತಂದಿದ್ದ. ಅದರೊಳಗೆ ಅಂಗೈ ಅಗಲದ ಸಣ್ಣ ಸಿಡಿ ಹಾಕಬೇಕಿತ್ತು. ಒಂದೆರಡು ವರ್ಷ ಬಳಸಿದ ಮೇಲೆ ಕ್ಯಾಮರಾ ಕೈಜಾರಿ ಬಿದ್ದು ಕೆಟ್ಟಿತು. ಸಿಡಿಗಳು ಮಾತ್ರ ಟ್ರಂಕಿನ ತಳದಲ್ಲಿ, ಹಳೆಯ ಬಳೆ ಡಬ್ಬಿಯೊಳಗೆ ಇದ್ದವು. ಐದು ಸಿಡಿ. ಐದನೆಯದು ನಡುವಿನ ತೂತಿನಿಂದ ಅಂಚಿನವರೆಗೆ ಸೀಳಿತ್ತು.

ಊರಿನಲ್ಲಿ ಅವನ್ನು ಓದುವ ಯಂತ್ರ ಸಿಕ್ಕಿದ್ದೇ ಕಷ್ಟದಿಂದ. ಸಿಕ್ಕ ಯಂತ್ರವೂ ನಾಲ್ಕು ಸಿಡಿಗಳನ್ನೂ ಖಾಲಿ ಎಂದಿತು. ಕಡೆಗೆ ಅಕ್ಷತಾ ಯಾರನ್ನೋ ಕೇಳಿ ಧಾರವಾಡದ ವಿಳಾಸವೊಂದನ್ನು ಕಳಿಸಿದಳು.

ಧಾರವಾಡದ ಆ ಪ್ರಯೋಗಾಲಯ ಹಳೆಯ ಕಲ್ಲಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿತ್ತು. ಕಚೇರಿಗಳಲ್ಲಿ ಹಾಳಾದ ಸಿಡಿಗಳನ್ನು ಓದಿ ಉಳಿಸುವುದು ಅವರ ಕೆಲಸ. ಮನೆಯವರ ಸಿಡಿಗಳನ್ನು ಬಿಡುವಿದ್ದಾಗ ತೆಗೆದುಕೊಳ್ಳುತ್ತಿದ್ದರು. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ನಸೀಮಾ ಕಿತ್ತೂರ, ನಲವತ್ತರ ಹೆಂಗಸು. ಸಿಡಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದಳು.

"ಇವು ಖಾಲಿ ಇಲ್ರಿ" ಎಂದಳು. "ಶೂಟಿಂಗ್ ಮುಗದ ಮ್ಯಾಲೆ ಕ್ಯಾಮರಾದಾಗ ಒಂದು ಬಟನ್ ಒತ್ತಿ ಸಿಡಿ ಮುಚ್ಚಬೇಕಿತ್ತು. ನೀವು ಮುಚ್ಚಿಲ್ಲ. ಹಂಗಾಗಿ ಒಳಗ ಎಲ್ಲೆಲ್ಲಿ ಏನೈತಿ ಅನ್ನೂದು ಬ್ಯಾರೆ ಮಷೀನಿಗೆ ತಿಳಿಯೂದಿಲ್ಲ, ಖಾಲಿ ಅಂತದ. ಭಾಳ ಮಂದಿ ಹಂಗೇ ಬಿಟ್ಟಾರ."

"ಆ ಬಟನ್ ಇತ್ತಂತ ನನಗ ಗೊತ್ತೇ ಇರಲಿಲ್ಲ" ಎಂದ ಈರಣ್ಣ.

"ಅದು ದೊಡ್ಡ ಮಾತಲ್ಲ. ದೊಡ್ಡದು ಬ್ಯಾರೆ ಐತಿ." ನಸೀಮಾ ಸಿಡಿಯನ್ನು ಓರೆ ಮಾಡಿದಳು. ನೇರಳೆಯಾಗಿರಬೇಕಿದ್ದ ಬಣ್ಣ ಅಲ್ಲಲ್ಲಿ ತಿಳಿಯಾಗಿ ನೀರಿನ ಹಾಗೆ ಕಾಣುತ್ತಿತ್ತು. "ಎರಡು ಪ್ಲಾಸ್ಟಿಕ್ ಹಾಳಿ ನಡುವ ಬಣ್ಣದ ಪದರ ಇರ್ತದ್ರಿ. ಕ್ಯಾಮರಾದ ಲೇಸರ್ ಆ ಬಣ್ಣ ಸುಟ್ಟು ಬರೀತದ. ಈಗ ನಿಮ್ಮ ಬಣ್ಣ ಮಾಸೇತಿ. ಆದ್ರ ಸುಡುವಾಗ ಆ ಬಿಸಿಗೆ ಅಡಿಗಿನ ಪ್ಲಾಸ್ಟಿಕ್ಕೂ ಒಂದೀಟು ತಗ್ಗಾಗಿರ್ತದ. ಬಣ್ಣ ಹೋದ್ರೂ ತಗ್ಗು ಹೋಗೂದಿಲ್ಲ. ನಮ್ಮ ಮಷೀನ್ ಸಿಡಿ ತಿರುಗಿಸೂದಿಲ್ಲ. ತಣ್ಣಗ ಇಟ್ಟು, ಒಂದೊಂದು ತಗ್ಗಿನ ಫೋಟೋ ತಗೀತದ."

"ಒಂದೊಂದೂ?" ಎಂದ ಈರಣ್ಣ. "ಎಷ್ಟು ಇದ್ದಾವು?"

"ಕೋಟಿಗಟ್ಟಲೆ. ಅದಕ್ಕ ದಿನಾ ಹಿಡೀತಾವು."

ಸುಮ್ಮನಿದ್ದ ಸಾವಂತ್ರಿ ಈಗ ತುಟಿ ಆಡಿಸಿದಳು. "ನನ್ನ ಧ್ವನಿ ಸಿಗುತ್ತದೆಯೇ?" ಎಂದಿತು ಪಟ್ಟಿ.

ನಸೀಮಾ ತಡೆದು ನೋಡಿದಳು. ಬಂದಾಗಿನಿಂದ ಸಾವಂತ್ರಿ ಬಾಯಿ ತೆರೆದಿರಲಿಲ್ಲ. "ನೀವು ಕ್ಯಾಮರಾ ಹಿಡಿದೋರೋ, ಕ್ಯಾಮರಾದ ಮುಂದ ನಿಂತೋರೋ?"

"ಹಿಡಿದವಳು."

"ಹಂಗಾದ್ರ ಛಲೋ ಆತ್ರಿ ಅಕ್ಕಾರ. ಮೈಕಿಗೆ ನೀವೇ ಎಲ್ಲಾರಕಿಂತ ಹತ್ರ ಇದ್ರಿ."

ಹತ್ತು ಹನ್ನೆರಡು ದಿನದ ಮೇಲೆ ಕರೆ ಬಂತು. ಗಂಡ ಹೆಂಡತಿ ಧಾರವಾಡಕ್ಕೆ ಓಡಿದರು. ನಸೀಮಾ ಕತ್ತಲೆ ಕೋಣೆಯ ಪರದೆಯ ಮೇಲೆ ಮೊದಲ ಸಿಡಿ ಹಾಕಿದಳು. ಚೌಕಚೌಕವಾಗಿ ಒಡೆದ ಬಣ್ಣಗಳು ಒಂದಕ್ಕೊಂದು ಕೂಡಿಕೊಂಡು ಕ್ವಾರ್ಟರ್ಸಿನ ಅಂಗಳವಾದವು. ತುಳಸಿ ಕಟ್ಟೆ, ಹಗ್ಗದ ಮೇಲೆ ಒಣಗುವ ಖಾಕಿ ಪ್ಯಾಂಟು, ಬರಿಗಾಲಲ್ಲಿ ತಪ್ಪು ಹೆಜ್ಜೆ ಇಡುತ್ತ ಬರುವ ಅಕ್ಷತಾ. ಸಾವಂತ್ರಿಯ ಕೈ ತಾನಾಗಿ ಮುಂದೆ ಚಾಚಿತು.

ಆಗ ಈರಣ್ಣನ ಎಳೆಯ ವಯಸ್ಸಿನ ದನಿ ಕೇಳಿಸಿತು. "ಕೈ ಅಲುಗಾಡಿಸಬ್ಯಾಡ. ಮತ್ತ ನೀ ಮಾತಾಡಬ್ಯಾಡ. ನಿನ್ನ ಧ್ವನಿ ಇದರಾಗ ಒದರಿದಂಗ ಬರ್ತದ. ಸುಮ್ಮನ ಹಿಡಿ."

ಆಮೇಲೆ ಮಗು ನಕ್ಕಿತು, ನಾಯಿ ಬೊಗಳಿತು, ದೂರದಲ್ಲಿ ಇಂಜಿನ್ನಿನ ಸೀಟಿ ಕೇಳಿತು. ಕ್ಯಾಮರಾ ಹಿಡಿದವಳ ಕಡೆಯಿಂದ ಬರೀ ಉಸಿರು, ಬಳೆಯ ಸದ್ದು. ಎರಡನೆಯ ಸಿಡಿಯಲ್ಲೂ ಅದೇ. ಮೂರನೆಯದರಲ್ಲಿ ಅವಳು "ಅಕ್ಷತಾ, ಅಲ್ಲೆ ಹೋಗಬ್ಯಾಡ" ಎಂದು ಒಂದು ಸಲ ಕೂಗಿದಳು. ತಕ್ಷಣ ಈರಣ್ಣ ಶ್ ಎಂದ. ನಾಲ್ಕನೆಯದು ಯಾರೋ ಬಸುರಿಯ ಕುಬಸದ ಕಾರ್ಯ, ಹಾಡುಗಳ ನಡುವೆ ಅವಳ ಮಾತು ಎಲ್ಲಿದೆಯೆಂದೇ ತಿಳಿಯಲಿಲ್ಲ.

ನಸೀಮಾ ಎಲ್ಲವನ್ನೂ ಆರಿಸಿ ಕೂಡಿಸಿದ್ದಳು. "ಐದು ನಿಮಿಷಾನೂ ಆಗವಲ್ದ್ರಿ" ಎಂದಳು.

ಈರಣ್ಣ ಎದ್ದು ಹೊರಗೆ ಹೋದ. ಸಾವಂತ್ರಿ ಹುಡುಕಿಕೊಂಡು ಬಂದಾಗ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ನಿನ್ನ ಬಾಯಿ ನಾನೇ ಮುಚ್ಚಿಸಿದೆ" ಎಂದ. "ಬ್ಯಾರೆ ಯಾರೂ ಅಲ್ಲ."

ಸಾವಂತ್ರಿ ಪಕ್ಕದಲ್ಲಿ ಕೂತಳು. ಅವಳಿಗೆ ಸಿಟ್ಟು ಬರಲಿಲ್ಲವೆಂದಲ್ಲ. ಆದರೆ ಪರದೆಯ ಮೇಲೆ ತನ್ನ ಮಗಳ ಪುಟ್ಟ ಕಾಲನ್ನು ಆಗಷ್ಟೇ ನೋಡಿ ಬಂದಿದ್ದಳು, ಸಿಟ್ಟು ನಿಲ್ಲಲು ಜಾಗ ಸಿಗಲಿಲ್ಲ. "ಐದನೆಯದು ಉಳಿದಿದೆ" ಎಂದಿತು ಪಟ್ಟಿ. "ಆಗ ನೀವು ಊರಲ್ಲಿ ಇರಲಿಲ್ಲ. ತರಬೇತಿಗೆ ಮೈಸೂರಿಗೆ ಹೋಗಿದ್ದಿರಿ. ಕ್ಯಾಮರಾ ನನ್ನ ಕೈಯಲ್ಲಿತ್ತು. ಅದರಲ್ಲಿ ನಾನು ತುಂಬಾ ಮಾತನಾಡಿದ್ದೇನೆ."

ಅವರು ಒಳಗೆ ಹೋಗಿ ಹೇಳಿದಾಗ ನಸೀಮಾ ಸೀಳಿದ ಸಿಡಿಯನ್ನು ತಂದು ಮೇಜಿನ ಮೇಲಿಟ್ಟಳು. ಇದ್ದ ಹಾಗೆ ಅದನ್ನು ಓದಲಾಗದು ಎಂದಳು. ಸೀಳಿನ ಎರಡೂ ಬದಿ ಮೇಲೆ ಕೆಳಗೆ ಬಾಗಿದ್ದವು, ಫೋಟೋ ತೆಗೆಯುವ ಬೆಳಕಿನ ಸೂಜಿ ಅಲ್ಲಿ ದಾರಿ ತಪ್ಪುತ್ತಿತ್ತು. ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಬಿಡಿಸಿ, ತಗ್ಗುಗಳಿರುವ ಹಾಳೆಯನ್ನಷ್ಟೇ ಚಪ್ಪಟೆಯಾಗಿ ಹಾಸಬೇಕು. ಬಿಡಿಸುವಾಗ ತಗ್ಗುಗಳ ಮೇಲ್ಮೈಯೇ ಸುಲಿದುಬಂದರೆ ಅಲ್ಲಿಗೆ ಮುಗಿಯಿತು.

"ಒಂದೇ ಸಲ ಮಾಡೂದ್ರಿ ಅದು. ಕೆಟ್ರ ಮತ್ತ ಮಾಡಾಕ ಬರೂದಿಲ್ಲ. ಇನ್ನೊಂದು ದಾರೀನೂ ಐತಿ. ಸಿಕ್ಕ ಐದು ನಿಮಿಷ ಇಟ್ಕೊಂಡು, ಉಳಿದದ್ದು ಬ್ಯಾರೆ ಹೆಣ್ಮಕ್ಕಳ ದನಿಯಿಂದ ತುಂಬಿಸಬಹುದು. ಸುಮಾರಾಗಿ ನಿಮ್ಮಂಗ ಕೇಳಿಸ್ತದ."

"ಸುಮಾರಾಗಿ ನನ್ನಂತೆ ಇದ್ದರೆ ನನ್ನ ಅತ್ತೆ ಒಪ್ಪುವುದಿಲ್ಲ" ಎಂದಿತು ಪಟ್ಟಿ.

ಯೋಚಿಸಿ ಹೇಳಿ ಎಂದು ನಸೀಮಾ ಕಳಿಸಿಕೊಟ್ಟಳು.

ಮರುದಿನ ಮನೆಯಲ್ಲಿ ಅದೇ ಮಾತು. ಈರಣ್ಣನಿಗೆ ಧೈರ್ಯ ಸಾಲಲಿಲ್ಲ. ಇರುವುದೊಂದೇ ಸಿಡಿ, ಬಿಡಿಸದೆ ಇಟ್ಟರೆ ಮುಂದೆ ಇನ್ನೂ ಒಳ್ಳೆಯ ಯಂತ್ರ ಬರಬಹುದು ಎಂದ. ಸಾವಂತ್ರಿಗೂ ಹಾಗೇ ಅನ್ನಿಸುತ್ತಿತ್ತು. ತನ್ನ ದನಿ ಹೇಗಿತ್ತೆಂದು ಅವಳಿಗೇ ಮರೆತುಹೋಗಿತ್ತು. ಅದು ಎಲ್ಲೋ ಒಂದು ಕಡೆ ಉಳಿದಿದೆ ಎನ್ನುವುದೇ ಈಗೊಂದು ಆಸರೆ. ತೆಗೆದು ನೋಡಿ ಇಲ್ಲವೆಂದಾದರೆ ಆ ಆಸರೆಯೂ ಹೋಗುತ್ತದೆ.

ಒಳಕೋಣೆಯಿಂದ ಬಸಲಿಂಗವ್ವನ ಕ್ಷೀಣ ದನಿ ಬಂತು. "ಈರಣ್ಣಾ, ಆಕೀದು ಎಲ್ಲಾ ಕಾರ್ಯ ಮಾಡಿ ಮುಗಿಸಿದ್ರೇನೋ? ನನಗ ಹೇಳಲಾರದ ಮಾಡಿದ್ರೇನು? ಮಣ್ಣಿಗೆ ಹೋಗೂಮುಂದ ಆಕಿ ಮಾರಿ ಒಮ್ಮೆ ಮುಟ್ಟತಿದ್ದೆ."

ಈರಣ್ಣ ಹೆಂಡತಿಯ ಮುಖ ನೋಡಿದ.

"ಫೋನ್ ಮಾಡಿ" ಎಂದಿತು ಪಟ್ಟಿ. "ಬಿಡಿಸಲು ಹೇಳಿ. ಮುಂದಿನ ಯಂತ್ರ ಬರುವ ತನಕ ಅತ್ತೆ ಇರುವುದಿಲ್ಲ."

ಬಿಡಿಸುವ ದಿನ ಸಾವಂತ್ರಿ ಗಾಜಿನ ಆಚೆ ನಿಂತು ನೋಡಿದಳು. ನಸೀಮಾ ಸಿಡಿಯನ್ನು ತಂಪು ಪೆಟ್ಟಿಗೆಯಿಂದ ತೆಗೆದು ಬಿಳಿ ಬಟ್ಟೆಯ ಮೇಲೆ ಇಟ್ಟಳು. ಕೂದಲಿಗಿಂತ ತೆಳುವಾದ ತಂತಿಯನ್ನು ಅಂಚಿನಲ್ಲಿ ತೂರಿಸಿ ಬಹಳ ನಿಧಾನ ಎಳೆಯತೊಡಗಿದಳು. ಈರಣ್ಣ ನೋಡಲಾರದೆ ಹೊರಗೆ ಹೋಗಿದ್ದ. ಸೀಳಿನ ಹತ್ತಿರ ಬಂದಾಗ ಹಾಳೆ ಚಿಟ್ಟೆಂದಿತು. ಗಾಜಿನ ಆಚೆಗೂ ಅದು ಕೇಳಿದ ಹಾಗಾಯಿತು. ನಸೀಮಾಳ ಕೈ ನಿಂತಿತು. ಬಗ್ಗಿ ನೋಡಿದಳು, ಉಸಿರು ಬಿಟ್ಟಳು, ಮತ್ತೆ ಎಳೆದಳು. ಕಡೆಗೆ ಎರಡು ಹಾಳೆಗಳು ಬೇರೆಯಾಗಿ ಬಟ್ಟೆಯ ಮೇಲೆ ಮಲಗಿದವು. ಒಂದರ ಮೇಲೆ ಅಂಚಿನಲ್ಲಿ ಉಗುರಿನಷ್ಟು ಜಾಗ ಸುಲಿದಿತ್ತು.

"ಅಷ್ಟು ಹೋತ್ರಿ" ಎಂದಳು ಹೊರಗೆ ಬಂದು. ಅವಳ ಹಣೆ ಬೆವತಿತ್ತು. "ಉಳಿದದ್ದು ನಿಂತೇತಿ. ಒಳಗ ಏನೈತಿ ಅನ್ನೂದು ಓದಿದ ಮ್ಯಾಲೆ ಗೊತ್ತಾಗಬೇಕು."

ಓದುವುದಕ್ಕೆ ಈ ಸಲ ಇನ್ನೂ ಹೆಚ್ಚು ದಿನ ಹಿಡಿಯಿತು. ಸೀಳಿನ ಎರಡು ಬದಿಯನ್ನು ಬೇರೆ ಬೇರೆ ಓದಿ ಕಂಪ್ಯೂಟರಿನಲ್ಲಿ ಹೊಲಿಯಬೇಕಿತ್ತು. ಅಷ್ಟರಲ್ಲಿ ಬಸಲಿಂಗವ್ವ ಮಗನ ಕೈಯಿಂದಲೂ ಗಂಜಿಯನ್ನಷ್ಟೇ ಕುಡಿಯತೊಡಗಿದಳು. ಅಕ್ಷತಾ ರಜೆ ಹಾಕಿ ಬಂದು ಅಜ್ಜಿಗೆ ಸಲೈನ್ ಹಚ್ಚಿದಳು. ಸಾವಂತ್ರಿ ಅತ್ತೆಗೆ ತನ್ನ ದನಿ ಕೇಳದ ಹಾಗೆ ಕೆಲಸ ಮಾಡಿಕೊಂಡಿದ್ದಳು. ಹಾಸಿಗೆ ಬದಲಿಸುತ್ತಿದ್ದಳು, ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಳು. ಒಮ್ಮೆ ಮರೆತು ತುಟಿ ಆಡಿಸಿದಳು, "ನೋವಾಯಿತೇ?" ಎಂದಿತು ಪಟ್ಟಿ. ಮುದುಕಿ, "ಇಲ್ಲವ್ವಾ" ಎಂದು ಪರರ ಮನೆಯವರಿಗೆ ಹೇಳುವ ಹಾಗೆ ಹೇಳಿದಳು.

ನಸೀಮಾ ಫೋನಿನಲ್ಲಿ ಏನನ್ನೂ ಹೇಳಲಿಲ್ಲ, ಬನ್ನಿ ಎಂದಷ್ಟೇ ಅಂದಳು. ಅದು ಯಾವ ತರಹದ ಬನ್ನಿ ಎಂದು ದಾರಿಯುದ್ದಕ್ಕೂ ಈರಣ್ಣ ಚರ್ಚಿಸಿದ.

"ಮೊದಲೇ ಹೇಳ್ತೀನಿ" ಎಂದಳು ನಸೀಮಾ. "ಚಿತ್ರ ಬರಲಿಲ್ಲ. ಚಿತ್ರಕ್ಕ ಭಾಳ ಜಾಗ ಬೇಕು, ಒಂದು ತುಣುಕು ಹೋದ್ರೂ ಒಡೀತದ. ದನಿಗೆ ಸ್ವಲ್ಪ ಜಾಗ ಸಾಕು." ಒಂದು ಗುಂಡಿ ಒತ್ತಿದಳು.

ಪರದೆಯ ಮೇಲೆ ಹಳದಿ, ಬಿಳಿ ಚೌಕಗಳು ಮಿಸುಕಾಡಿದವು. ಅವುಗಳ ನಡುವಿನಿಂದ ಗಟ್ಟಿಯಾದ, ತುಂಬಿದ, ನಗು ತಡೆದುಕೊಂಡ ಹೆಣ್ಣು ದನಿಯೊಂದು ಬಂತು.

"ನೋಡ್ರಿ, ಇವರು ನಮ್ಮತ್ತಿ. ಮಾಳಗಿ ಮ್ಯಾಲೆ ಶ್ಯಾವಿಗಿ ಮಾಡಾಕ ಕುಂತಾರ. ಅತ್ತೀ, ಇಲ್ಲೆ ನೋಡ್ರಿ, ಕ್ಯಾಮರಾದಾಗ."

"ನಾ ಏನ್ ನೋಡ್ಲಿ ಅದರಾಗ? ಮಷೀನ್ ತಿರುವೋರು ಯಾರು? ನಿಮ್ಮವ್ವ ಬಂದು ತಿರುವತಾಳೇನು?"

"ನಮ್ಮವ್ವ ಬಂದ್ರ ಶ್ಯಾವಿಗಿ ಏನು, ನಿಮ್ಮನ್ನೂ ತಿರುವಿ ಒಣಾ ಹಾಕತಾಳ."

"ಬಾಯಿ ನೋಡು ಇದರದು. ಈರಣ್ಣ ಬರ್ಲಿ, ಹೇಳ್ತೀನಿ."

"ಹೇಳ್ರಿ. ಅವರು ಬರೂದು ಮುಂದಿನ ವಾರ. ಅಲ್ಲೀತನಕಾ ನಾ ಮಾತಾಡಾಕಿನೇ."

ಎರಡು ನಗು ಒಟ್ಟಿಗೆ ಕೇಳಿದವು, ಒಂದು ಎಳೆಯದು, ಒಂದು ಒರಟು.

ಸಾವಂತ್ರಿ ಎರಡೂ ಕೈಯಿಂದ ಕೊರಳು ಹಿಡಿದುಕೊಂಡಿದ್ದಳು. ಈರಣ್ಣ ಪರದೆಯ ಕಡೆ ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಆ ಮಾತಿನಾಕೆಯನ್ನು ತಾನು ಮದುವೆಯಾದದ್ದು ಅವನಿಗೆ ಈಗ ನೆನಪಾಗುತ್ತಿತ್ತು.

"ಇದು ಬರೇ ಸುರುವಾತು" ಎಂದಳು ನಸೀಮಾ. "ಒಂದು ತಾಸು ಐತ್ರಿ. ನೀವು ಕ್ಯಾಮರಾದಾಗ ಏನೋ ತಪ್ಪು ಒತ್ತಿ ಚಿತ್ರದ ಗುಣಮಟ್ಟ ಇಳಿಸಿದ್ರಿ. ಅದಕ್ಕ ಅರ್ಧ ತಾಸಿನ ಸಿಡ್ಯಾಗ ಒಂದು ತಾಸು ಹಿಡಿಸೇತಿ. ಒಂದು ತಾಸು ಪೂರಾ ನೀವು ಉಸುರು ತಗೊಳ್ಳಾಕೂ ಮಾತು ನಿಲ್ಲಿಸಿಲ್ಲ."

ಈರಣ್ಣ ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ.

ಆಸ್ಪತ್ರೆಯ ಹುಡುಗಿ ಪಟ್ಟಿಗೆ ಆ ದನಿಯನ್ನು ಕಲಿಸಿದಳು. ದನಿಯ ಜೊತೆಗೆ ಮಾತಿನ ರೀತಿಯನ್ನೂ ಪಟ್ಟಿ ಕಲಿತುಕೊಂಡಿತು. ಮೂವತ್ತರ ದನಿ ಐವತ್ತೇಳರ ಮುಖಕ್ಕೆ ಹೊಂದದಿದ್ದರೆ ಸ್ವಲ್ಪ ವಯಸ್ಸು ಕೂಡಿಸಬಹುದು ಎಂದಳು. ಬೇಡವೆಂದು ಸಾವಂತ್ರಿ ತಲೆಯಾಡಿಸಿದಳು. ಪಟ್ಟಿ ಕಟ್ಟಿ, "ಏನಾದ್ರೂ ಮಾತಾಡ್ರಿ" ಎಂದಳು ಹುಡುಗಿ. ಸಾವಂತ್ರಿಗೆ ಏನೂ ಹೊಳೆಯಲಿಲ್ಲ.

"ಏನ್ ಮಾತಾಡ್ಲಿ?" ಎಂದು ತುಟಿ ಆಡಿಸಿದಳು.

"ಏನ್ ಮಾತಾಡ್ಲಿ?" ಎಂದು ಅವಳದೇ ದನಿ ಕೋಣೆಯಲ್ಲಿ ಕೇಳಿತು. ಅವಳು ಬೆಚ್ಚಿ ಹಿಂದೆ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಹೆಸರು ಹೇಳಿ ನೋಡಿದಳು. ಪಟ್ಟಿ ಸಾವಂತ್ರಿ ಎಂದಿತು.

ಮನೆಗೆ ಬಂದಾಗ ಇಳಿಹೊತ್ತು. ಅಕ್ಷತಾ ನುಚ್ಚು ಕುದಿಸಿ ಇಟ್ಟಿದ್ದಳು. ಸಾವಂತ್ರಿ ಮಜ್ಜಿಗೆ ಹಾಕಿ ಕಲಸಿ, ಉಪ್ಪು ನೋಡಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ದಾರಿಯುದ್ದಕ್ಕೂ ಆಟೋದವನ ಜೊತೆ ಮಾತನಾಡುತ್ತ ಬಂದವಳು ಈಗ ತಟ್ಟೆಯ ನುಚ್ಚನ್ನು ಇನ್ನೊಮ್ಮೆ ಕಲಸಿದಳು. ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇದಕ್ಕೂ ಒಪ್ಪದಿದ್ದರೆ ಮುಂದೆ ಏನೂ ಉಳಿದಿರಲಿಲ್ಲ.

"ಅತ್ತೀ" ಎಂದಳು. "ಏಳ್ರಿ. ನುಚ್ಚು ಆರಾಕತ್ತೇತಿ."

ಮುದುಕಿಯ ಬೆನ್ನು ಅಲುಗಲಿಲ್ಲ. ಗೋಡೆಗೇ ಹೇಳುವ ಹಾಗೆ, "ಯಾರದು?" ಎಂದಳು.

"ನಾ ರೀ, ಸಾವಂತ್ರಿ."

ಬಸಲಿಂಗವ್ವ ಮಗ್ಗುಲಾದಳು. ಯಾರ ಕೈಯನ್ನೂ ಹಿಡಿಯದೆ ಎದ್ದು ಕೂರಲು ನೋಡಿದಳು. ಅಕ್ಷತಾ ಓಡಿಬಂದು ಬೆನ್ನಿಗೆ ದಿಂಬು ಕೊಟ್ಟಳು. ಕುರುಡುಗಣ್ಣುಗಳು ಬಾಗಿಲ ಕಡೆ ತಿರುಗಿ ನಿಂತವು.

"ಎಲ್ಲಿ ಹೋಗಿದ್ದಿ?" ಎಂದಳು. ಆ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟು ಇತ್ತು. "ಹೇಳಿ ಹೋಗಬೇಕೋ ಬ್ಯಾಡೋ? ಹಿಂಗ ಹೋದ್ರ ಮನ್ಯಾಗಿನೋರು ಏನ್ ತಿಳ್ಕೋಬೇಕು?"

"ದವಾಖಾನ್ಯಾಗ ಇದ್ದೆ ರೀ. ಗಂಟಲ ಕೆಟ್ಟಿತ್ತು."

"ಈಗ ನೆಟ್ಟಗಾತೇನು?"

"ಆತು ರೀ."

"ಹೂಂ. ಕೇಳಿದ್ರ ಗೊತ್ತಾಗ್ತದ. ಭಾಳ ದಿನ ಆಗಿತ್ತು ನೀ ಹಿಂಗ ಗಟ್ಟಿಯಾಗಿ ಮಾತಾಡಿ." ಮುದುಕಿ ಬಾಯಿ ತೆರೆದಳು. ಸಾವಂತ್ರಿ ತುತ್ತಿಟ್ಟಳು. ಇನ್ನೊಂದು ಇಟ್ಟಳು. ಈರಣ್ಣ ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತ. ತಟ್ಟೆ ಖಾಲಿಯಾದ ಸದ್ದು ಕೇಳಿದ ಮೇಲೆ ನಲ್ಲಿ ನಿಲ್ಲಿಸಿದ.

"ಉಪ್ಪು ಕಡಿಮಿ ಹಾಕೀದಿ" ಎಂದಳು ಬಸಲಿಂಗವ್ವ.

"ನಾಳೆ ಹಾಕ್ತೀನ್ರಿ."

ಬಾಯಿ ಒರೆಸಿಕೊಂಡು ಮುದುಕಿ ಸೊಸೆಯ ಕೈಯನ್ನು ಹುಡುಕಿ ಹಿಡಿದಳು. ದನಿ ತಗ್ಗಿಸಿದಳು. "ಆಕಿ ಅದಾಳೋ, ಹೋದಳೋ?"

"ಯಾಕೀ ರೀ?"

"ಅದೇ, ಆ ರೇಡಿಯೋದಂಗ ಮಾತಾಡಾಕಿ. ನೀ ಇಲ್ಲದಾಗ ಬಂದಿದ್ಲು. ಛಲೋ ಹೆಣಮಗಳು. ನಾ ಆಕಿ ಕೈಯಾಗ ಉಣ್ಣಲಿಲ್ಲ, ತಾಟು ನೂಕಿದೆ, ಆದ್ರೂ ಒಂದು ಮಾತು ಅನಲಿಲ್ಲ. ತಲಿಗೆ ಎಣ್ಣಿ ಹಚ್ಚಿದ್ಲು. ಹಾಸಿಗಿ ಎಲ್ಲಾ ಆಕೀನೇ ತೆಗೀತಿದ್ಲು. ನಮ್ಮಿಂದ ಏನೂ ಆಗಲಿಲ್ಲ ಆಕಿಗೆ. ಹೋಗೂಮುಂದ ಬರಿಗೈಲೆ ಕಳಿಸಬ್ಯಾಡ. ಒಂದು ಸೀರಿ ಉಡಿಸಿ ಕಳಿಸು."

ಸಾವಂತ್ರಿ ಖಾಲಿ ತಟ್ಟೆಯನ್ನು ಮಂಚದ ಕೆಳಗಿಟ್ಟಳು.

"ಕೇಳಿಸಿತಿಲ್ಲೋ?"

"ಕೇಳಿಸಿತ್ರಿ ಅತ್ತೀ. ಉಡಸ್ತೀನಿ."

"ಹಳೇದು ಉಡಸಬ್ಯಾಡ ಮತ್ತ. ಹೊಸಾದು ತಗಿ."

ಮುದುಕಿ ಮಲಗಿದ ಮೇಲೆ ಸಾವಂತ್ರಿ ಕಪಾಟು ತೆರೆದಳು. ಅಕ್ಷತಾ ತಂದುಕೊಟ್ಟಿದ್ದ, ಇನ್ನೂ ಮಡಿಕೆ ಬಿಚ್ಚದ ಹಸಿರು ಇಳಕಲ್ ಸೀರೆ ಮೇಲೆಯೇ ಇತ್ತು. ಅದನ್ನು ಉಟ್ಟು, ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದಳು.

"ಈಗೆಲ್ಲಿಗೆ ಹೊಂಟಿ?" ಎಂದ ಈರಣ್ಣ.

"ಎಲ್ಲಿಗೂ ಇಲ್ಲ ರೀ" ಎಂದಳು ಸಾವಂತ್ರಿ. "ಅತ್ತಿ ಕೊಟ್ರು."